ಎಂಟು ಟ್ರ್ಯಾಕಿನ ಟೇಪಿನಿಂದ ಮತ್ತೆ ಎತ್ತಿದ ಒಂದು ಆಲ್ಬಮ್: ದುರಸ್ತಿಯ ದಿನಚರಿ

ನಮ್ಮ ನಾಲ್ವರ ಆಲ್ಟರ್ನೇಟಿವ್ ರಾಕ್ ತಂಡ ಇಪ್ಪತ್ತೆರಡು ವರ್ಷಗಳ ಹಿಂದೆ ಹೊರತಂದ ಒಂದೇ ಒಂದು ಆಲ್ಬಮ್ಮನ್ನು ಮೂಲ ಟೇಪುಗಳಿಂದ ಎತ್ತಿಕೊಂಡು ಹೊಸದಾಗಿ ಮಿಕ್ಸ್ ಮಾಡುವ, ಅಂದರೆ ಬೇರೆಬೇರೆಯಾಗಿ ಮುದ್ರಿಸಿದ ವಾದ್ಯ, ಕಂಠಗಳನ್ನು ಹದವಾಗಿ ಬೆರೆಸುವ ಕೆಲಸ ಕಳೆದ ವಾರ ಮುಗಿಯಿತು. ಹತ್ತು ಹಾಡು, ಒಟ್ಟು 41 ನಿಮಿಷ. ಆಗ ನುಡಿಸಿ ಹಾಡಿದ್ದು ಆರು ದಿನ, ಮಿಕ್ಸ್ ಮಾಡಿದ್ದು ಒಂದೇ ರಾತ್ರಿ. ಆ ಒಂದು ರಾತ್ರಿಯ ಅವಸರ ಆರು ದಿನಗಳ ಶ್ರಮವನ್ನು ಎಷ್ಟು ಆಳಕ್ಕೆ ಹೂತಿತ್ತು ಎಂಬುದು ಟೇಪು ತೆರೆದು ನೋಡಿದ ಮೇಲೆಯೇ ನನಗೆ ತಿಳಿಯಿತು. ತಂಡದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಬೆಸುಗೆ ಹಾಕುವುದು, ಕೇಬಲ್ ಕಟ್ಟುವುದು, ಟೇಪು ಜೋಪಾನ ಮಾಡುವುದು ಕೂಡ ನನ್ನ ಪಾಲಿಗೇ ಬಿದ್ದಿತ್ತು. ಇದೇ ಬಗೆಯ ಹಳೆಯ ರೀಲುಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವವರಿಗೆ ನೆರವಾಗಲೆಂದು ಕೆಲಸ ನಡೆದ ಕ್ರಮದಲ್ಲಿಯೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ಆಲ್ಬಮ್ ಬಂದಾಗ ಕೇಳಿದವರಿಂದ ನಮಗೆ ತಲುಪಿದ್ದು ಮುಖ್ಯವಾಗಿ ಮೂರು ದೂರು. ಹಾಡಿನ ಪದಗಳು ತಿಳಿಯುವುದಿಲ್ಲ. ಡ್ರಮ್ಮು ರಟ್ಟಿನ ಪೆಟ್ಟಿಗೆ ಬಡಿದಂತೆ ಕೇಳುತ್ತದೆ. ನಾಲ್ಕನೆಯ ಹಾಡಿಗೆ ಬರುವಷ್ಟರಲ್ಲಿ ಕಿವಿ ದಣಿಯುತ್ತದೆ. ನಮ್ಮ ಪ್ರದರ್ಶನಗಳಿಗೆ ತಪ್ಪದೆ ಬಂದು ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದವರೂ ಆ ಡಿಸ್ಕನ್ನು ಎರಡನೆಯ ಸಲ ಹಾಕಿ ಕೇಳಲಿಲ್ಲ. ಹಾಡುಗಳೇ ಚೆನ್ನಾಗಿಲ್ಲವೆಂದು ನಾವು ತಿಳಿದೆವು. ಹಾಡು ಬರೆಯುತ್ತಿದ್ದ ಗೆಳೆಯ ಬರೆಯುವುದನ್ನೇ ಬಿಟ್ಟ, ವರ್ಷದೊಳಗೆ ತಂಡವೂ ಚದುರಿತು. ಆ ತೀರ್ಮಾನವನ್ನು ನಾನು ಮರುವಿಚಾರಿಸಲು ಶುರುಮಾಡಿದ್ದು 2023ರಲ್ಲಿ, ದ ರಿಪ್ಲೇಸ್‌ಮೆಂಟ್ಸ್ ತಂಡದ 1985ರ ಆಲ್ಬಮ್ ‘ಟಿಮ್’ಗೆ ಎಡ್ ಸ್ಟೇಸಿಯಮ್ ಮಾಡಿದ ಹೊಸ ಮಿಕ್ಸ್ ಕೇಳಿದಾಗ. ಮೂಲ ಆಲ್ಬಮ್ಮನ್ನು ನಿರ್ಮಿಸಿದವರು ರಮೋನ್ಸ್ ತಂಡದ ಮೊದಲ ಡ್ರಮ್ಮರ್ ಟಾಮಿ ಎರ್ಡೆಲಿ. ಅದರ ಹಾಡುಗಳನ್ನು ಎಲ್ಲರೂ ಮೆಚ್ಚಿದರೂ ಧ್ವನಿ ತೆಳ್ಳಗಿದೆ, ದೂರದಿಂದ ಬಂದಂತಿದೆ ಎಂಬ ಕೊರಗು ಸುಮಾರು ನಾಲ್ಕು ದಶಕ ಉಳಿದಿತ್ತು. ಅದೇ ಟೇಪು, ಅದೇ ಕೈಗಳು, ಅದೇ ಹೊಡೆತ. ಆದರೂ ಹೊಸ ಮಿಕ್ಸಿನಲ್ಲಿ ತಂಡ ಎದುರಿಗೇ ನಿಂತು ನುಡಿಸುವಂತೆ ಕೇಳಿಸಿತು. ನಮ್ಮ ಟೇಪಿನಲ್ಲಿ ಏನಿದೆಯೆಂದು ಒಮ್ಮೆಯಾದರೂ ನೋಡಬೇಕು ಎಂದು ಆ ರಾತ್ರಿಯೇ ನಿಶ್ಚಯಿಸಿದೆ.

ಟೇಪು ಮುಟ್ಟುವ ಮೊದಲು ಇಂಥ ದುರಸ್ತಿಗೆ ಒಳಗಾದ ಇನ್ನೂ ಕೆಲವು ಆಲ್ಬಮ್ಮುಗಳನ್ನು ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕೇಳಿದೆ. ಪರ್ಲ್ ಜ್ಯಾಮ್‌ನ 1991ರ ‘ಟೆನ್’ ಆಲ್ಬಮ್ಮನ್ನು 2009ರಲ್ಲಿ ಬ್ರೆಂಡನ್ ಓಬ್ರಿಯನ್ ಮತ್ತೆ ಮಿಕ್ಸ್ ಮಾಡಿದಾಗ ಮೊದಲಿನ ದಟ್ಟ ಪ್ರತಿಧ್ವನಿ ಕಳಚಿ ಬಿದ್ದಿತ್ತು. ಆರ್‌.ಇ.ಎಮ್. ತಂಡದ 1994ರ ‘ಮಾನ್‌ಸ್ಟರ್’ ಅನ್ನು 2019ರಲ್ಲಿ ಮತ್ತೆ ಮಿಕ್ಸ್ ಮಾಡಿದವರು ಅದರ ಮೂಲ ನಿರ್ಮಾಪಕರಲ್ಲಿ ಒಬ್ಬರಾದ ಸ್ಕಾಟ್ ಲಿಟ್ ಅವರೇ. ಅವರು ಗಿಟಾರಿನ ಪದರಗಳನ್ನು ಸರಿಸಿ ಕಂಠವನ್ನು ಮುಂದಕ್ಕೆ ತಂದರು. ಕೇಳುಗರಲ್ಲಿ ಕೆಲವರು ಸಂತೋಷಪಟ್ಟರು, ಆ ಆಲ್ಬಮ್ಮಿನ ಒರಟುತನವೇ ಹೋಯಿತೆಂದು ಕೆಲವರು ನೊಂದುಕೊಂಡರು. ನನ್ನನ್ನು ಹೆಚ್ಚು ಎಚ್ಚರಿಸಿದ್ದು ದ ಸ್ಟೂಜಸ್ ತಂಡದ ‘ರಾ ಪವರ್’. ಡೇವಿಡ್ ಬೋವಿ ಮಿಕ್ಸ್ ಮಾಡಿದ್ದ 1973ರ ಆ ಆಲ್ಬಮ್ಮನ್ನು 1997ರಲ್ಲಿ ಹಾಡುಗಾರ ಇಗ್ಗಿ ಪಾಪ್ ಅವರೇ ಮತ್ತೆ ಮಿಕ್ಸ್ ಮಾಡಿ, ಧ್ವನಿ ಒಡೆಯುವಷ್ಟು ಏರಿಸಿ ಹೊರತಂದರು. ಹಳೆಯದರ ತೆಳುವು ಹೋಯಿತು, ಆದರೆ ಉಸಿರಾಡಲು ಜಾಗ ಉಳಿಯಲಿಲ್ಲ. ಒಂದು ತಪ್ಪನ್ನು ತಿದ್ದುವಾಗ ಅದರ ಎದುರು ತಪ್ಪಿಗೆ ಜಾರುವುದು ಎಷ್ಟು ಸುಲಭ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಸಿಗಲಿಲ್ಲ.

ನಮ್ಮಲ್ಲಿದ್ದದ್ದು ಅರ್ಧ ಇಂಚು ಅಗಲದ, ಎಂಟು ಧ್ವನಿಗಳನ್ನು ಪಕ್ಕಪಕ್ಕದ ಬೇರೆಬೇರೆ ಗೆರೆಗಳಲ್ಲಿ ಹಿಡಿಯುವ ಎಂಟು ಟ್ರ್ಯಾಕಿನ ಮೂರು ರೀಲು. ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ 2500 ಅಡಿಯ ಒಂದು ರೀಲು ಸುಮಾರು 33 ನಿಮಿಷ ಓಡುತ್ತದೆ. ಹೊಸ ಟೇಪು ಕೊಳ್ಳಲು ಆಗದೆ, ಇನ್ನಾರೋ ಒಮ್ಮೆ ಬಳಸಿ ಅಳಿಸಿದ್ದ ಹಳೆಯ ರೀಲುಗಳ ಮೇಲೆ ನಾವು ಮುದ್ರಿಸಿದ್ದೆವು. ಮೂರನೆಯ ರೀಲಿನಲ್ಲಿ ಬರೀ ಕೈಬಿಟ್ಟ ಟೇಕುಗಳಿದ್ದುದರಿಂದ ಪ್ರಯೋಗಕ್ಕೆ ಅದನ್ನೇ ಮೊದಲು ಯಂತ್ರಕ್ಕೆ ಏರಿಸಿದೆ. ಹತ್ತು ಸೆಕೆಂಡು ಓಡುವಷ್ಟರಲ್ಲಿ ಟೇಪು ಕಿರುಗುಟ್ಟತೊಡಗಿತು, ಎತ್ತರದ ಸ್ವರಗಳು ಮಂಕಾದವು, ನಿಲ್ಲಿಸಿ ನೋಡಿದರೆ ಟೇಪನ್ನು ಓದುವ ಹೆಡ್ಡಿನ ಮೇಲೆ ಬೆಲ್ಲದ ಪಾಕದಂತೆ ಅಂಟಂಟಾದ ಕಂದು ಪದರ ಕೂತಿತ್ತು. ಬೆನ್ನಿಗೆ ಕಪ್ಪು ಲೇಪವಿರುವ, 1970 ಮತ್ತು 80ರ ದಶಕಗಳ ಅನೇಕ ಟೇಪುಗಳಿಗೆ ಬರುವ ರೋಗ ಇದು. ಕಾಂತೀಯ ಕಣಗಳನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಒಡೆಯುತ್ತದೆ. ಒಡೆದ ಅಂಶ ಮೇಲಕ್ಕೆ ಬಂದು ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಅಂಟಿನ ಜೊತೆಗೆ ಸಂಗೀತವೂ ಹೆಡ್ಡಿಗೆ ಮೆತ್ತಿಕೊಂಡು ಬರುತ್ತದೆ. ಕಿರುಗುಟ್ಟುವ ಸದ್ದು ಕೇಳಿದ ಕ್ಷಣವೇ ಯಂತ್ರ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಎನ್ನಬೇಡಿ.

ಇದಕ್ಕಿರುವ ಮದ್ದು ಬೇಯಿಸುವುದು. ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದದ ಒಣ ಶಾಖದಲ್ಲಿ ಎಂಟು ಗಂಟೆಗೂ ಮೇಲ್ಪಟ್ಟು ಇಟ್ಟರೆ ತೇವ ಹೊರಟು ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ, ಕೆಲವು ವಾರಗಳ ಮಟ್ಟಿಗೆ ಟೇಪು ನೆಟ್ಟಗೆ ಓಡುತ್ತದೆ. ಶಾಖಕ್ಕೆ ಧ್ವನಿ ಅಳಿಸಿಹೋಗುವುದಿಲ್ಲವೇ ಎಂದು ಡ್ರಮ್ಮರ್ ಗೆಳೆಯ ದಿಗಿಲಿನಿಂದ ಕೇಳಿದ. ಐರನ್ ಆಕ್ಸೈಡ್ ತನ್ನ ಕಾಂತತ್ವ ಕಳೆದುಕೊಳ್ಳಲು ನೂರಾರು ಡಿಗ್ರಿ ಬೇಕು. ಈ ಹದದ ಶಾಖ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಪಾಯವಿರುವುದು ಪ್ಲಾಸ್ಟಿಕ್ ಪಟ್ಟಿಗೆ ಮತ್ತು ಅಂಟಿಸಿದ ಜೋಡಣೆಗಳಿಗೆ. ಆದ್ದರಿಂದ ಅಡುಗೆಯ ಓವನ್ನನ್ನು ನಂಬಬಾರದು. ಹಳೆಯ ಅಸಿಟೇಟ್ ಟೇಪುಗಳಿಗಂತೂ ಈ ಚಿಕಿತ್ಸೆ ಸಲ್ಲದು, ಅವು ಒಣಗಿ ಮುರಿಯುತ್ತವೆ. ಹಣ್ಣು ಒಣಗಿಸುವ ದುಂಡನೆಯ ಯಂತ್ರವೊಂದರ ತಟ್ಟೆಗಳ ನಡುಭಾಗವನ್ನು ಕತ್ತರಿಸಿ ರೀಲು ಮಲಗುವಷ್ಟು ಜಾಗ ಮಾಡಿಕೊಂಡೆ. ಗುಂಡಿಯ ಮೇಲೆ 55 ಎಂದು ಗುರುತಿದ್ದರೂ ಒಳಗೆ ಥರ್ಮಾಮೀಟರಿನ ಕಡ್ಡಿ ಇಟ್ಟು ನೋಡಿದಾಗ ಶಾಖ 50ರಿಂದ 61ರವರೆಗೆ ಏರಿಳಿಯುತ್ತಿತ್ತು. ಖಾಲಿ ಯಂತ್ರವನ್ನೇ ಎರಡು ದಿನ ಓಡಿಸಿ, ಶಾಖ ಒಂದು ಗಂಟೆಯ ಕಾಲ 53 ಮತ್ತು 55ರ ನಡುವೆ ನಿಲ್ಲುವಂತೆ ಬೇರೆ ನಿಯಂತ್ರಕ ಜೋಡಿಸಿದ ಮೇಲೆಯೇ ರೀಲನ್ನು ಒಳಗಿಟ್ಟೆ. ಹತ್ತು ಗಂಟೆ ಶಾಖ, ಎರಡು ಗಂಟೆಗೊಮ್ಮೆ ಮಗುಚಿ ಹಾಕುವುದು, ಆಮೇಲೆ ಅಷ್ಟೇ ಹೊತ್ತು ತಣಿಯಲು ಬಿಡುವುದು. ಬೇಯಿಸಿದ ಮೇಲೆ ಮೂರನೆಯ ರೀಲು ಸದ್ದಿಲ್ಲದೆ ಕೊನೆಯವರೆಗೆ ಓಡಿತು, ಹೆಡ್ಡು ಒರೆಸಿದ ಹತ್ತಿ ಬೆಳ್ಳಗೇ ಇತ್ತು.

ಯಂತ್ರದ ಸಿದ್ಧತೆಗೆ ಒಂದು ಪೂರ್ತಿ ದಿನ ಹಿಡಿಯಿತು. ಹೆಡ್ಡುಗಳನ್ನೂ ಲೋಹದ ಮಾರ್ಗದರ್ಶಿಗಳನ್ನೂ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ರಬ್ಬರಿನ ಒತ್ತುಗಾಲಿಗೆ ಮಾತ್ರ ಅದನ್ನು ಮುಟ್ಟಿಸದೆ ತೆಳುವಾದ ಸಾಬೂನು ನೀರು ಬಳಸಿದೆ. ಹೆಡ್ಡುಗಳಲ್ಲಿ ಉಳಿದ ಕಾಂತತ್ವವನ್ನು ತೆಗೆದೆ. ಅನಂತರ ಬಂದದ್ದು ಈ ಕೆಲಸದಲ್ಲೇ ನನಗೆ ಅತ್ಯಂತ ಪ್ರಿಯವಾದ ಘಟ್ಟ, ಅಂದರೆ ಅಜಿಮತ್ ಹೊಂದಿಸುವುದು. ಪ್ಲೇಬ್ಯಾಕ್ ಹೆಡ್ಡಿನ ಸೀಳು ಟೇಪಿನ ಓಟಕ್ಕೆ ನೆಟ್ಟನೆ ಲಂಬವಾಗಿ, ಅಂದು ಮುದ್ರಿಸಿದ ಹೆಡ್ಡು ನಿಂತಿದ್ದ ಕೋನದಲ್ಲಿಯೇ ನಿಲ್ಲಬೇಕು. ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ ಆಕ್ರಮಿಸುವ ಉದ್ದ 38 ಮೈಕ್ರೊಮೀಟರ್, ತಲೆಗೂದಲ ದಪ್ಪದ ಅರ್ಧದಷ್ಟು. ಹೆಡ್ಡು ಅಷ್ಟೇ ಅಷ್ಟು ವಾಲಿದರೂ ಒಂದನೆಯ ಟ್ರ್ಯಾಕಿಗೂ ಎಂಟನೆಯ ಟ್ರ್ಯಾಕಿಗೂ ನಡುವೆ ಕಾಲದ ಅಂತರ ಬರುತ್ತದೆ.

ಪೆಟ್ಟಿಗೆಯ ಮೇಲೆ ನಾವು ತಂಡದ ಹೆಸರು ಬಿಟ್ಟರೆ ಬೇರೇನನ್ನೂ ಬರೆದಿರಲಿಲ್ಲ. ಯಾವ ಈಕ್ವಲೈಸೇಷನ್ (ಮುದ್ರಿಸುವಾಗ ಎತ್ತರ, ತಗ್ಗು ಸ್ವರಗಳನ್ನು ಹೊಂದಿಸುವ ಕ್ರಮ; ಎನ್‌ಎಬಿ, ಐಇಸಿ ಎಂದು ಎರಡು ಮುಖ್ಯ ಬಗೆ), ಎಷ್ಟು ಮಟ್ಟ, ಯಾವ ತುದಿ ಹೊರಗೆ, ಒಂದೂ ಇಲ್ಲ. ಪುಣ್ಯಕ್ಕೆ ಮೊದಲ ರೀಲಿನ ಆರಂಭದಲ್ಲಿ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್ ಸ್ವರಗಳನ್ನು ತಲಾ ಮೂವತ್ತು ಸೆಕೆಂಡು ಮುದ್ರಿಸಿದ್ದೆವು. ಯಂತ್ರವನ್ನು ಎನ್‌ಎಬಿ ಕ್ರಮಕ್ಕೆ ಇಟ್ಟಾಗ ಮೂರೂ ಸ್ವರಗಳು ಮೀಟರಿನಲ್ಲಿ ಒಂದೇ ಗೆರೆಗೆ ಬಂದವು. ಐಇಸಿ ಕ್ರಮಕ್ಕೆ ತಿರುಗಿಸಿದಾಗ 10 ಕಿಲೋಹರ್ಟ್ಸ್‌ನಲ್ಲಿ ಸುಮಾರು ಎರಡೂವರೆ ಡೆಸಿಬೆಲ್ ವ್ಯತ್ಯಾಸ ಕಂಡಿತು. ಟೇಪೇ ತನ್ನ ವಿಳಾಸ ಹೇಳಿದಂತಾಯಿತು. ಆಸಿಲೋಸ್ಕೋಪಿನಲ್ಲಿ ಒಂದು ಅಕ್ಷಕ್ಕೆ ಮೊದಲ ಟ್ರ್ಯಾಕನ್ನೂ ಇನ್ನೊಂದಕ್ಕೆ ಎಂಟನೆಯದನ್ನೂ ಕೊಟ್ಟು, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಪರದೆಯ ಮೇಲಿನ ಮೊಟ್ಟೆಯಾಕಾರ ಕಿರಿದಾಗಿ ಓರೆಯಾದ ಒಂದೇ ಗೆರೆಯಾಯಿತು. ಮೊದಲು 1 ಕಿಲೋಹರ್ಟ್ಸ್‌ನಲ್ಲಿ ಗೆರೆ ತಂದುಕೊಂಡು ಆಮೇಲೆ 10ಕ್ಕೆ ಹೋಗಬೇಕು. ನೇರವಾಗಿ 10ರಲ್ಲೇ ಹೊಂದಿಸಲು ಹೋದರೆ ಒಂದು ಇಡೀ ಅಲೆಯಷ್ಟು ತಪ್ಪಿದ ಕಡೆಯೂ ಅದೇ ಗೆರೆ ಕಾಣುತ್ತದೆ, ಸರಿಯಾಯಿತೆಂದು ಮೋಸಹೋಗುತ್ತೇವೆ.

ಎಂಟೂ ಟ್ರ್ಯಾಕುಗಳನ್ನು 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್), ಸ್ನೇರ್ (ಕೋಲಿನಿಂದ ಬಡಿಯುವ, ಚುರುಕು ದನಿಯ ಸಣ್ಣ ಡ್ರಮ್), ಡ್ರಮ್ಮುಗಳ ಮೇಲೆ ತೂಗಿದ ಎರಡು ಮೈಕು, ಬೇಸ್, ಎಡ ಗಿಟಾರ್, ಬಲ ಗಿಟಾರ್, ಕಂಠ, ಇದು ನಮ್ಮ ಹಂಚಿಕೆ. ಕಂಠವನ್ನು ಎಂಟನೆಯ ಟ್ರ್ಯಾಕಿಗೆ, ಅಂದರೆ ಟೇಪಿನ ಅಂಚಿಗೆ ಕೊಟ್ಟದ್ದು ತಪ್ಪಾಗಿತ್ತು. ಹೊರ ಏಟು ಮೊದಲು ತಗಲುವುದು ಅಂಚಿಗೇ. ಎರಡನೆಯ ಹಾಡಿನ ಮೊದಲ ಚರಣದಲ್ಲಿ ಟೇಪಿನ ಅಂಚು ನಲುಗಿ ಕಂಠ ಎರಡು ಕಡೆ ಅರ್ಧ ಸೆಕೆಂಡಿನಷ್ಟು ಮಾಯವಾಗಿತ್ತು. ಮೂರನೆಯ ರೀಲಿನಲ್ಲಿ ಅದೇ ಹಾಡಿನ ಕೈಬಿಟ್ಟ ಟೇಕು ಸಿಕ್ಕಿತು. ಅಲ್ಲಿಂದ ಆ ಎರಡೂ ಪದಗಳನ್ನು ತಂದು ಕೂರಿಸಿದೆ. ಎರಡನೆಯ ಪದದಲ್ಲಿ ಉಸಿರು ಸ್ವಲ್ಪ ಬೇರೆ ಬಗೆಯದು. ಅದು ನಮ್ಮ ಹಾಡುಗಾರನದೇ ಕಂಠ, ಅದೇ ಮಧ್ಯಾಹ್ನದ್ದು, ಹಾಗಾಗಿ ನನಗೆ ಅಳುಕಿಲ್ಲ. ಇನ್ನೊಂದು ತೊಂದರೆ, ನಿಶ್ಶಬ್ದದಿಂದ ಶುರುವಾಗುವ ಐದನೆಯ ಹಾಡಿನಲ್ಲಿ ಮೊದಲ ಹೊಡೆತಕ್ಕೆ ಮುಂಚೆಯೇ ಅದರ ಸಣ್ಣ ನೆರಳು ಕೇಳಿಸುತ್ತಿತ್ತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ಇಳಿದಾಗ ಹೀಗಾಗುತ್ತದೆ. ಟೇಪನ್ನು ಹಾಡಿನ ಕೊನೆ ಹೊರಗಿರುವಂತೆ ಸುತ್ತಿಟ್ಟಿದ್ದರೆ ಆ ನೆರಳು ಬಹುಪಾಲು ಹೊಡೆತದ ಹಿಂದೆ ಬಿದ್ದು ಅದರ ಸದ್ದಿನಲ್ಲೇ ಮುಚ್ಚಿಹೋಗುತ್ತಿತ್ತು. ನಾವು ತಲೆ ಹೊರಗಿಟ್ಟು ಸುತ್ತಿದ್ದೆವು. ಆ ಒಂದು ಸೆಕೆಂಡನ್ನು ಕೈಯಿಂದಲೇ ಮೌನಗೊಳಿಸಿದೆ.

ಇನ್ನು ರಟ್ಟಿನ ಪೆಟ್ಟಿಗೆಯ ದೂರು. ಸ್ನೇರ್ ಟ್ರ್ಯಾಕನ್ನು ಒಂಟಿಯಾಗಿ ಕೇಳಿದಾಗ ಅದು ತುಂಬು ದನಿಯ, ಚರ್ಮದ ಬಿಗಿ ಗೊತ್ತಾಗುವಂಥ ಹೊಡೆತ. ಮೇಲಿನ ಮೈಕುಗಳನ್ನು ಸೇರಿಸಿದ ತಕ್ಷಣ ಅದರ ಹೊಟ್ಟೆ ಖಾಲಿಯಾಗುತ್ತಿತ್ತು. ಅಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಕೋಲು ಬಿದ್ದ ಕ್ಷಣ ಡ್ರಮ್ಮಿನ ಚರ್ಮ ಮೈಕಿನಿಂದ ದೂರ ಸರಿಯುತ್ತದೆ; ಮೇಲಿನಿಂದ ಕೇಳುವ ಮೂರೂ ಮೈಕುಗಳಲ್ಲಿ ಅಲೆಯ ಮೊದಲ ಚಲನೆ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಬೆರೆಸಿದಾಗ ಒಂದನ್ನೊಂದು ಅಳಿಸುತ್ತವೆ. ತೂಗಿದ ಮೈಕುಗಳಲ್ಲಿ ಅಲೆ ಕೆಳಕ್ಕಿಳಿದರೆ ಸ್ನೇರ್ ಮೈಕಿನಲ್ಲಿ ಮಾತ್ರ ಮೇಲಕ್ಕೇರಿತ್ತು. ಡ್ರಮ್ಮು ಇರುವ ಎಲ್ಲ ಹಾಡುಗಳಲ್ಲೂ ಹೀಗೆಯೇ ಇತ್ತು. ಮೈಕಿನ ಕೇಬಲಿನ ಎರಡನೆಯ ಮತ್ತು ಮೂರನೆಯ ಪಿನ್ನುಗಳು ಅದಲುಬದಲಾದಾಗ ಇದು ಸಂಭವಿಸುತ್ತದೆ. ಅಂದಿನ ಕೇಬಲುಗಳ ಗಂಟು ಇನ್ನೂ ನನ್ನಲ್ಲಿತ್ತು. ಹಸಿರು ಟೇಪು ಸುತ್ತಿ ‘ಸ್ನೇರ್’ ಎಂದು ಬರೆದಿದ್ದ ಕೇಬಲನ್ನು ಹುಡುಕಿ ಮಲ್ಟಿಮೀಟರ್ ಹಿಡಿದೆ. ಒಂದು ತುದಿಯ ಎರಡನೆಯ ಪಿನ್ನಿಗೆ ಕಡ್ಡಿ ಇಟ್ಟಾಗ ಮೀಟರು ಕೂಗಿದ್ದು ಇನ್ನೊಂದು ತುದಿಯ ಮೂರನೆಯ ಪಿನ್ನಿನಲ್ಲಿ. ಬೆಸುಗೆ ನನ್ನದೇ. ಅದನ್ನು ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ಡ್ರಮ್ಮರ್ ಗೆಳೆಯನಿಗೆ ತನ್ನ ಹೊಡೆತದಲ್ಲಿ ಬಲವಿಲ್ಲವೆಂದು ಎಷ್ಟೋ ಜನ ಹೇಳಿದ್ದರು, ಅವನು ಅದನ್ನು ನಂಬಿಯೂ ಇದ್ದ.

ತಿದ್ದುವುದಕ್ಕೆ ಬೇಕಾದದ್ದು ಸ್ನೇರ್ ಟ್ರ್ಯಾಕಿನ ಧ್ರುವವನ್ನು, ಅಂದರೆ ಅಲೆಯ ಮೇಲು-ಕೆಳಗನ್ನು, ತಿರುಗಿಸುವ ಒಂದು ಗುಂಡಿ. ಮೇಲಿನ ಮೈಕುಗಳು ಸ್ನೇರಿನಿಂದ ಸುಮಾರು 1.2 ಮೀಟರ್ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ಸದ್ದು ಮೂರೂವರೆ ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಅಷ್ಟನ್ನು ಹಿಂದಕ್ಕೆ ಎಳೆದು ಎಲ್ಲವನ್ನೂ ಒಂದೇ ಗೆರೆಗೆ ತಂದು ನೋಡಿದೆ. ಹೊಡೆತ ಇನ್ನೂ ಚುರುಕಾಯಿತು, ಆದರೆ ಕೋಣೆಯ ಆಳ ಕುಗ್ಗಿ ಡ್ರಮ್ಮುಗಳು ಮೂಗಿನ ಮುಂದೆ ಬಂದು ಕೂತವು. ಆ ಅಂತರವನ್ನು ಮೊದಲಿನಂತೆ ಬಿಟ್ಟೆ. ಧ್ರುವವನ್ನು ತಿರುಗಿಸಿದ ಹಾಡನ್ನು ಅವನಿಗೆ ಕೇಳಿಸಿದಾಗ ಅವನು ಮಾತಾಡದೆ ಮೂರು ಸಲ ಹಾಕಿಸಿಕೊಂಡ. ಆಮೇಲೆ, ‘ನಾನು ಹೀಗೇ ಹೊಡೀತಿದ್ದೆ ಕಣೋ’ ಎಂದಷ್ಟೇ ಹೇಳಿದ.

ಪದಗಳು ತಿಳಿಯದ ದೂರಿಗೆ ಕಾರಣ ಯಂತ್ರದ್ದಲ್ಲ, ನಮ್ಮ ಮನಸ್ಸಿನದು. ಆ ದಿನಗಳಲ್ಲಿ ನಾವು ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ‘ಲವ್‌ಲೆಸ್’ ಅನ್ನು ಹಗಲಿರುಳೂ ಕೇಳುತ್ತಿದ್ದೆವು. ಕೆವಿನ್ ಶೀಲ್ಡ್ಸ್ ಸುಮಾರು ಎರಡು ವರ್ಷ, ಹಲವು ಸ್ಟುಡಿಯೋಗಳಲ್ಲಿ ಕೂತು ಕಟ್ಟಿದ ಆ ಆಲ್ಬಮ್ಮಿನಲ್ಲಿ ಕಂಠ ಗಿಟಾರಿನ ಮೋಡದೊಳಗೆ ಕರಗಿ ಇನ್ನೊಂದು ವಾದ್ಯದಂತೆ ಕೇಳುತ್ತದೆ. ಅದನ್ನು ಕೇಳಿ ನಾವೂ ಕಂಠವನ್ನು ಇಳಿಸಿದೆವು. ಬರೆದದ್ದನ್ನು ಜೋರಾಗಿ ಹೇಳುವ ಸಂಕೋಚವೂ ಅದರಲ್ಲಿ ಸೇರಿತ್ತು. ಆದರೆ ಅಲ್ಲಿ ಕಂಠ ಮೃದು, ದೀರ್ಘ, ಸ್ವರಗಳ ಮೇಲೆ ತೇಲುವಂಥದ್ದು. ನಮ್ಮ ಹಾಡುಗಳಲ್ಲಿ ಸಾಲಿನ ತುಂಬ ಪದ, ಪದದ ತುಂಬ ವ್ಯಂಜನ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸಬೇಕಾದರೆ 2ರಿಂದ 4 ಕಿಲೋಹರ್ಟ್ಸ್‌ವರೆಗಿನ ಭಾಗ ತೆರವಾಗಿರಬೇಕು, ನಮ್ಮ ಎರಡೂ ಗಿಟಾರುಗಳು ಸರಿಯಾಗಿ ಅಲ್ಲಿಯೇ ಕಿರುಚುತ್ತಿದ್ದವು. ಕಂಠವನ್ನು ಏರಿಸುತ್ತ ಹೋದರೆ ಗಿಟಾರು ಹಿಂದೆ ಸರಿದು ತಂಡದ ಸ್ವಭಾವವೇ ಬದಲಾಗುತ್ತಿತ್ತು. ಅದಕ್ಕೆ ಬದಲಾಗಿ, ಹಾಡುಗಾರ ಬಾಯಿ ತೆರೆದಾಗ ಮಾತ್ರ ಗಿಟಾರುಗಳ 3 ಕಿಲೋಹರ್ಟ್ಸ್ ಸುತ್ತಿನ ಭಾಗ ಎರಡರಿಂದ ಮೂರು ಡೆಸಿಬೆಲ್ ತಗ್ಗುವಂತೆ, ಅವನು ನಿಲ್ಲಿಸಿದೊಡನೆ ಮತ್ತೆ ತುಂಬಿಕೊಳ್ಳುವಂತೆ ಮಾಡಿದೆ. ಕಂಠವನ್ನು ಏರಿಸಿದ್ದು ಎರಡೇ ಡೆಸಿಬೆಲ್. ಏಳನೆಯ ಹಾಡಿನ ಕೊನೆಯ ಚರಣದಲ್ಲಿ ನನಗೇ ಗೊತ್ತಿಲ್ಲದ ಒಂದು ಸಾಲು ಇತ್ತೆಂದು ಆಗ ತಿಳಿಯಿತು; ಅದೇ ತಂಡದಲ್ಲಿ ಮೂರು ವರ್ಷ ನಿಂತು ನುಡಿಸಿದ ನಾನು ಆ ಸಾಲನ್ನು ಮೊದಲ ಸಲ ಕೇಳಿದೆ.

ಹಾಡುಗಾರ ಬಂದು ಕೇಳಿ, ಎಲ್ಲ ಹಾಡುಗಳನ್ನೂ ಹೊಸದಾಗಿ ಹಾಡಿಕೊಡುತ್ತೇನೆ ಎಂದು ಹಟ ಹಿಡಿದ. ‘ಈಗ ಶ್ರುತಿ ಗಟ್ಟಿಯಾಗಿದೆ, ಆಗ ನನಗೆ ಹಾಡೋಕೇ ಬರ್ತಿರಲಿಲ್ಲ’ ಎಂದ. ನಾನು ಒಪ್ಪಲಿಲ್ಲ. ನಾಲ್ಕನೆಯ ಹಾಡಿನ ಪಲ್ಲವಿಯಲ್ಲಿ ಅವನು ಮೇಲಿನ ಸ್ವರಕ್ಕೆ ಏರಲು ಹೋಗಿ ಒಂದಿಷ್ಟು ಕೆಳಗೇ ನಿಲ್ಲುತ್ತಾನೆ, ಆ ನಿಲುಗಡೆಯಲ್ಲೇ ಹಾಡಿನ ಅರ್ಥವಿದೆ. ಟೇಪಿನಲ್ಲಿ ಇದ್ದದ್ದನ್ನು ಕಾಣುವಂತೆ ಮಾಡುವುದು ನನ್ನ ಕೆಲಸ. ಇಲ್ಲದ್ದನ್ನು ಸೇರಿಸಿದರೆ ಅದು ಇನ್ನೊಂದು ಆಲ್ಬಮ್. ಹಾಗೆಯೇ ಎಂಟನೆಯ ಹಾಡಿನ ಕೊನೆಯಲ್ಲಿ ಲಯ ಓಡುತ್ತದೆ, ನಾಲ್ವರೂ ಒಟ್ಟಿಗೆ ಓಡುತ್ತೇವೆ. ಕಂಪ್ಯೂಟರಿನಲ್ಲಿ ಅದನ್ನು ಸಮಲಯದ ಜಾಲರಿಗೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ. ಗಿಟಾರಿನ ಆಂಪ್ಲಿಫೈಯರಿನ ಗುಂಯ್ ಸದ್ದನ್ನೂ ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡುಗಳಲ್ಲಿ ಹಾಗೆಯೇ ಉಳಿಸಿದ್ದೇನೆ.

ಕಿವಿ ದಣಿಯುವ ಮೂರನೆಯ ದೂರಿನ ಬೇರು ಇದ್ದದ್ದು ಮಾಸ್ಟರಿಂಗಿನಲ್ಲಿ, ಅಂದರೆ ಮಿಕ್ಸ್ ಆದ ಹಾಡುಗಳನ್ನು ಡಿಸ್ಕಿಗಾಗಿ ಕೊನೆಯದಾಗಿ ಹದಗೊಳಿಸುವ ಹಂತದಲ್ಲಿ. ಹಳೆಯ ಡಿಸ್ಕನ್ನು ಅಳೆದಾಗ ಅದರ ಒಟ್ಟು ಗಟ್ಟಿತನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು ಎನ್ನುವ ಅಳತೆಯಲ್ಲಿ, ಮೈನಸ್ 7.2 ಎಲ್‌ಯುಎಫ್‌ಎಸ್. ಅಲೆಯ ಚಿತ್ರ ಇಟ್ಟಿಗೆ ಗೋಡೆಯಂತಿತ್ತು, ಪ್ರತಿ ಹೊಡೆತದ ತುದಿಯೂ ಕತ್ತರಿಸಿ ಚಪ್ಪಟೆಯಾಗಿತ್ತು. ಪಕ್ಕದ ಡಿಸ್ಕಿಗಿಂತ ನಮ್ಮದು ಜೋರಾಗಿರಬೇಕು ಎಂಬುದು ಆ ಕಾಲದ ಎಲ್ಲರ ಆಸೆ, ನಾವೇ ಬಯಸಿ ಮಾಡಿಸಿಕೊಂಡದ್ದು. ಚರಣವೂ ಪಲ್ಲವಿಯೂ ಒಂದೇ ಮಟ್ಟಕ್ಕೆ ಬಂದಾಗ ಪಲ್ಲವಿ ಬಂದದ್ದೇ ಗೊತ್ತಾಗುವುದಿಲ್ಲ. ಮೌನದಿಂದ ಸಿಡಿಯುವುದೇ ಪ್ರಾಣವಾದ ಈ ಬಗೆಯ ಸಂಗೀತಕ್ಕೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಹೊಸ ಮಾಸ್ಟರನ್ನು ಮೈನಸ್ 12.5ರ ಆಸುಪಾಸಿನಲ್ಲಿ ನಿಲ್ಲಿಸಿದೆ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ತಂದ ಅಳತೆಯ ಕ್ರಮದಿಂದಾಗಿ ಇಂದು ಸ್ಟ್ರೀಮಿಂಗ್ ಸೇವೆಗಳು ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14ರ ಸುಮಾರಿಗೆ ಸಮ ಮಾಡಿ ಕೇಳಿಸುತ್ತವೆ. ಹಾಗಾಗಿ ಹಿಂಡಿ ಹಿಂಡಿ ಜೋರು ಮಾಡಿದ ಹಾಡನ್ನು ಅವು ಸುಮ್ಮನೆ ಇಳಿಸಿಬಿಡುತ್ತವೆ. ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಮಿಕ್ಸಿನ ಕೊನೆಯ ವಾರದಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ನಿರ್ವಾಣ ತಂಡದ ‘ಇನ್ ಯೂಟೆರೊ’. 1993ರ ಫೆಬ್ರವರಿಯಲ್ಲಿ ಮಿನ್ನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಸ್ಟೀವ್ ಆಲ್ಬಿನಿ ಸುಮಾರು ಎರಡು ವಾರಗಳಲ್ಲಿ ಮುದ್ರಣ, ಮಿಕ್ಸ್ ಎರಡನ್ನೂ ಮುಗಿಸಿದರು. ಕಂಪನಿಗೆ ಅದು ಹಿಡಿಸಲಿಲ್ಲವೆಂಬ ಸುದ್ದಿ ಹಬ್ಬಿತು, ತಂಡಕ್ಕೂ ಕಂಠ ಮತ್ತು ಬೇಸ್ ಇನ್ನಷ್ಟು ಸ್ಪಷ್ಟವಾಗಬೇಕೆನಿಸಿತು. ಕೊನೆಗೆ ಆಲ್ಬಮ್ಮಿನ ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು, ಉಳಿದದ್ದನ್ನು ಬಾಬ್ ಲಡ್ವಿಗ್ ಮಾಸ್ಟರಿಂಗಿನಲ್ಲಿ ಹದಗೊಳಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂದಾಗ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಹೋಯಿತು. ಆಲ್ಬಿನಿ 2013ರಲ್ಲಿ ಅದೇ ಟೇಪುಗಳಿಗೆ ಇನ್ನೊಂದು ಮಿಕ್ಸ್ ಮಾಡಿಕೊಟ್ಟರು. ಮುಗಿದ ಆಲ್ಬಮ್ಮಿನಲ್ಲಿಯೂ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಅವರೆಲ್ಲ ಹಾಡು ಹಾಡನ್ನೂ ಬೇರೆಬೇರೆಯಾಗಿ ತೂಗಿ ನೋಡಿದ್ದಾರೆ. ನಾನೂ ಹಾಗೆಯೇ ಮಾಡಿದೆ. ಒಂಬತ್ತನೆಯ ಹಾಡಿನ ಹಳೆಯ ಮಿಕ್ಸನ್ನು ನನ್ನ ನಾಲ್ಕು ಪ್ರಯತ್ನಗಳೂ ಮೀರಿಸಲಿಲ್ಲ. ಅದು ಬರೀ ಗಿಟಾರು ಮತ್ತು ಕಂಠ. ಆ ರಾತ್ರಿ ಎಲ್ಲರೂ ದಣಿದು ಕೈಯಿಟ್ಟರೂ ಅದು ಹದವಾಗಿಯೇ ಬಂದಿತ್ತು. ಸ್ಟೀರಿಯೊ ಟೇಪಿನಲ್ಲಿ ಉಳಿದಿದ್ದ ಹಳೆಯ ಮಿಕ್ಸನ್ನೇ ತೆಗೆದುಕೊಂಡು ಮಟ್ಟ ಮಾತ್ರ ಹೊಂದಿಸಿದೆ.

ಹೊಸದನ್ನು ಮೊದಲು ನಾವು ನಾಲ್ವರೇ ಕೂತು ಕೇಳಿದೆವು, ಆಮೇಲೆ ಹಳೆಯ ಡಿಸ್ಕು ಇಟ್ಟುಕೊಂಡಿದ್ದ ಸುಮಾರು ಇಪ್ಪತ್ತು ಮಂದಿಗೆ ಕಳಿಸಿದೆವು. ಎರಡನ್ನೂ ಒಂದೇ ಮಟ್ಟದ ಗಟ್ಟಿತನಕ್ಕೆ ತಂದು, ಯಾವುದು ಯಾವುದೆಂದು ಹೆಸರಿಸದೆ ಕಳಿಸಿದೆ. ಹಾಗೆ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಹೆಚ್ಚಿನವರು ಹೊಸದನ್ನು ಆರಿಸಿದರು. ಒಬ್ಬರು ಪದಗಳನ್ನು ಬರೆದುಕೊಂಡು ಕಳಿಸಿ ಸರಿಯಿದೆಯೇ ಎಂದು ಕೇಳಿದರು. ಮೂರು ತಪ್ಪಿದ್ದವು, ಮೊದಲಾದರೆ ಮೂರು ಪದವೂ ಸಿಗುತ್ತಿರಲಿಲ್ಲ. ಇಬ್ಬರು ಮಾತ್ರ ಹಳೆಯದೇ ಬೇಕೆಂದರು. ಅವರಲ್ಲಿ ಒಬ್ಬರು ಆ ಮಂಕಿನಲ್ಲಿಯೇ ತಮ್ಮ ಒಂದು ಕಷ್ಟದ ವರ್ಷವನ್ನು ಕಳೆದವರು, ಪದ ತಿಳಿಯದಿದ್ದುದರಿಂದಲೇ ತಮ್ಮ ಪದಗಳನ್ನು ಅಲ್ಲಿ ಹಾಕಿಕೊಂಡಿದ್ದರಂತೆ. ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಹಳೆಯ ಮಿಕ್ಸನ್ನೂ ಹೊಸದರ ಜೊತೆಗೇ ಇಡಲು ನಿರ್ಧರಿಸಿದೆವು.

ಬೇಯಿಸಿದ ಟೇಪು ಮತ್ತೆ ಅಂಟಾಗುವುದು ಖಚಿತ, ಆದರೂ ರೀಲುಗಳನ್ನು ಬಿಸಾಡುವುದಿಲ್ಲ. ಮೂರನ್ನೂ ನಿಧಾನ ವೇಗದಲ್ಲಿ ಕೊನೆಯವರೆಗೆ ಓಡಿಸಿ, ಅಂಚುಗಳು ಸಮವಾಗಿ ಕೂರುವಂತೆ ಸುತ್ತಿ, ಕಳಚಿಬಿದ್ದಿದ್ದ ಐದು ಜೋಡಣೆಗಳನ್ನು ಹೊಸ ಪಟ್ಟಿಯಿಂದ ಅಂಟಿಸಿ, ಒಣ ಚೀಲದಲ್ಲಿ ಹಾಕಿ ನೆಟ್ಟಗೆ ನಿಲ್ಲಿಸಿದ್ದೇನೆ. ಪ್ರತಿ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟು: ಅರ್ಧ ಇಂಚು, ಎಂಟು ಟ್ರ್ಯಾಕು, ಸೆಕೆಂಡಿಗೆ 38 ಸೆಂಟಿಮೀಟರ್, ಎನ್‌ಎಬಿ, ಸ್ವರಗಳು ಮೊದಲ ರೀಲಿನ ತಲೆಯಲ್ಲಿ, ಕೊನೆ ಹೊರಗೆ, 54 ಡಿಗ್ರಿಯಲ್ಲಿ ಹತ್ತು ಗಂಟೆ ಬೇಯಿಸಿದೆ, ಎರಡನೆಯ ಟ್ರ್ಯಾಕು ಸ್ನೇರ್, ಧ್ರುವ ತಿರುಗಿಸಿ ಕೇಳಿ. ಹಸಿರು ಟೇಪಿನ ಕೇಬಲಿನ ಒಂದು ತುದಿಯನ್ನು ಬಿಚ್ಚಿ, ಎರಡು ಪಿನ್ನುಗಳನ್ನು ಸರಿಪಡಿಸಿ ಬೆಸೆದು ಡ್ರಮ್ಮರ್ ಗೆಳೆಯನಿಗೆ ಕೊಟ್ಟೆ. ಅವನು ಮತ್ತೆ ನುಡಿಸಲು ಶುರುಮಾಡಿದ್ದಾನೆ.